ಬಿಸಿಎ ಮುಗಿಸಿ ಅಡಿಕೆ ಸಂಘದ ಗಣಕದ ಮುಂದೆ ಕುಳಿತಿದ್ದೇನೆ: ಮುಂದೆ ಓದುವುದಾದರೆ ಯಾವುದು?

ಅಘನಾಶಿನಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಸೀಮೆಯವಳು. 2021ರಲ್ಲಿ ಬಿಸಿಎ ಸೇರಿ 2024ರಲ್ಲಿ ಮುಗಿಸಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ತಂಡ ನಮ್ಮದು. ನಾಲ್ಕನೇ ವರ್ಷದ ಆನರ್ಸ್ ಓದುವ ಅವಕಾಶವಿತ್ತು, ನಾನು ಮೂರಕ್ಕೇ ನಿಲ್ಲಿಸಿ ಒಂದು ಅಡಿಕೆ ಮಾರಾಟ ಸಹಕಾರ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ವ್ಯಾಪಾರದ ದಿನ ಬೆಳಗ್ಗೆ ಲಾಟ್ ನಮೂದಿಸುವುದು, ಮಧ್ಯಾಹ್ನ ಟೆಂಡರ್ ದರ ಏರಿಸುವುದು, ಸಂಜೆ ರೈತರಿಗೆ ಮಾರಾಟದ ಲೆಕ್ಕದ ಪಟ್ಟಿ ಮುದ್ರಿಸಿ ಕೊಡುವುದು, ಇಷ್ಟು ನನ್ನ ಕೆಲಸ.

ಕಳೆದ ವರ್ಷ ಸುಗ್ಗಿಯಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಪ್ರಶ್ನೆ ನಿಮಗೆ ಸರಿಯಾಗಿ ತಿಳಿಯುತ್ತದೆ. ಒಬ್ಬ ಹಿರಿಯರು ನಾಲ್ಕು ಚೀಲ ರಾಶಿ ಅಡಿಕೆ ತಂದು ಟೆಂಡರಿಗೆ ಇಟ್ಟರು. ಒಳ್ಳೆಯ ದರವೇ ಸಿಕ್ಕಿತು. ವಾರ ಕಳೆದರೂ ಖಾತೆಗೆ ಹಣ ಬರಲಿಲ್ಲ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೂರು ಸಲ ಕೌಂಟರಿಗೆ ಬಂದರು. ಹುಡುಕಿ ನೋಡಿದರೆ ಹಣ ಅದೇ ಊರಿನ, ಅದೇ ಹೆಸರಿನ ಇನ್ನೊಬ್ಬ ಸದಸ್ಯರಿಗೆ ಹೋಗಿತ್ತು. ಅವರ ಮೇಲೆ ಬೆಳೆಸಾಲವಿತ್ತು. ಹಣ ಬಿದ್ದ ಕೂಡಲೇ ತಂತ್ರಾಂಶ ಅದನ್ನು ಸಾಲಕ್ಕೆ ಮುರಿದುಕೊಂಡಿತ್ತು. ಇವರ ಅಡಿಕೆಯಿಂದ ಅವರ ಸಾಲ ತೀರಿತ್ತು.

ತಂತ್ರಾಂಶ ಕೊಟ್ಟ ಕಂಪನಿಯವರು ಬಂದು ಒಬ್ಬರ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಿ ಹೋದರು. ಎರಡು ತಿಂಗಳ ಮೇಲೆ ಬೇರೆ ಊರಿನ ಇಬ್ಬರಿಗೆ ಅದೇ ಆಯಿತು. ಆಗ ನಾನೇ ಒಂದು ನೋಟ್‌ಬುಕ್ಕಿನಲ್ಲಿ, ಅಡಿಕೆ ಗೇಟಿನೊಳಗೆ ಬಂದಲ್ಲಿಂದ ಹಣ ರೈತನ ಕೈ ಸೇರುವವರೆಗೆ ಯಾವ ಚೀಟಿ ಎಲ್ಲಿಗೆ ಹೋಗುತ್ತದೆ, ಯಾರು ಏನು ಬರೆಯುತ್ತಾರೆ ಎಂದು ಚಿತ್ರ ಬರೆದೆ. ವ್ಯಾಪಾರದ ಪುಸ್ತಕ ಸದಸ್ಯರನ್ನು ಹೆಸರಿನಿಂದ ಹುಡುಕುತ್ತಿತ್ತು, ಸದಸ್ಯತ್ವ ಸಂಖ್ಯೆಯಿಂದ ಅಲ್ಲ. ಬಿಸಿಎಯ ಮೂರು ವರ್ಷಗಳಲ್ಲಿ ಸಿಗದ ಖುಷಿ ಆ ಒಂದು ಸಂಜೆ ಸಿಕ್ಕಿತು.

ಇದನ್ನೇ ಆಳವಾಗಿ ಓದಬೇಕು ಎನಿಸಿದೆ. ಬಿಸಿಎಯ ಮುಂದಿನ ಸ್ನಾತಕೋತ್ತರ ಪದವಿ ಎಂಸಿಎ ಮಾಡು ಎನ್ನುತ್ತಾರೆ ಕೆಲವರು. ಕೆಲಸ ಬಿಡದೆ ಆನ್‌ಲೈನ್ ಎಂಸಿಎ ಮಾಡು ಎನ್ನುತ್ತಾರೆ ಗೆಳತಿಯರು. ಅಮೆರಿಕದಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಎಂದೇ ಸ್ನಾತಕೋತ್ತರ ಪದವಿ ಇದೆ, ಅಲ್ಲಿಗೇ ಹೋಗು ಎಂದು ಸೋದರಮಾವ ಒತ್ತಾಯಿಸುತ್ತಿದ್ದಾರೆ. ಅಪ್ಪ ಎರಡು ಎಕರೆ ತೋಟದ ಮೇಲೆ ಸಾಲ ತೆಗೆಯಲು ಸಿದ್ಧರಿದ್ದಾರೆ. ನನಗೆ ಆ ಮಾತು ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲ. ತಿಳಿದವರು ಹೇಳಿ.

ಗಣಕ ಮೇಷ್ಟರು

ತಂಗಿ, 22 ವರ್ಷಗಳಿಂದ ಎಂಸಿಎ ಪಾಠ ಮಾಡುತ್ತಿದ್ದೇನೆ. ನೀವು ನೋಟ್‌ಬುಕ್ಕಿನಲ್ಲಿ ಬರೆದ ಚಿತ್ರಕ್ಕೆ ಸಿಸ್ಟಮ್ಸ್ ಅನಾಲಿಸಿಸ್ ಎಂದು ಹೆಸರು. ಹೆಸರಿನ ಬದಲು ಸಂಖ್ಯೆಯಿಂದ ಹುಡುಕಬೇಕು ಎಂದು ನಿಮಗೆ ಹೊಳೆಯಿತಲ್ಲ, ಅದಕ್ಕೆ ಪ್ರೈಮರಿ ಕೀ ಎನ್ನುತ್ತೇವೆ. 1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ದತ್ತಾಂಶವನ್ನು ಕೋಷ್ಟಕಗಳಾಗಿ ಕಾಣುವ ಮಾದರಿಯನ್ನು ಮುಂದಿಟ್ಟಾಗಿನಿಂದ ಅದು ನಮ್ಮ ವಿಷಯದ ಬುನಾದಿ. ತರಗತಿಯಲ್ಲಿ ನಾನು ಅದನ್ನು ಹಲಗೆಯ ಮೇಲೆ ಬರೆದು ಹೇಳುತ್ತೇನೆ, ಮಕ್ಕಳು ಪರೀಕ್ಷೆಗೆ ಬರೆದು ಮರೆಯುತ್ತಾರೆ. ನೀವು ನಾಲ್ಕು ಚೀಲ ಅಡಿಕೆಯಿಂದ ಕಲಿತಿದ್ದೀರಿ, ಮರೆಯುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಅಮೆರಿಕದಲ್ಲಿ ಇದು ಎರಡು ಕವಲು. ಕಂಪ್ಯೂಟರ್ ಸೈನ್ಸ್ ಸಾಮಾನ್ಯವಾಗಿ ಎಂಜಿನಿಯರಿಂಗ್ ಅಥವಾ ವಿಜ್ಞಾನ ವಿಭಾಗದಲ್ಲಿ ಇರುತ್ತದೆ. ಅಲ್ಲಿ ಆಲ್ಗರಿದಮ್, ಕಂಪೈಲರ್, ಗಣಿತ. ಇನ್ಫರ್ಮೇಷನ್ ಸಿಸ್ಟಮ್ಸ್ ಬಹುಪಾಲು ವಾಣಿಜ್ಯ ಶಾಲೆಯಲ್ಲಿ ಇರುತ್ತದೆ. ಅಲ್ಲಿ ಡೇಟಾಬೇಸ್, ವ್ಯವಸ್ಥೆಯ ವಿಶ್ಲೇಷಣೆ, ಭದ್ರತೆ, ಲೆಕ್ಕಪತ್ರ, ಯೋಜನೆಯ ನಿರ್ವಹಣೆ. ನಮ್ಮಲ್ಲಿ ಆ ಹೆಸರಿನ ಪದವಿ ಅಪರೂಪ. ಅದಕ್ಕೆ ಹತ್ತಿರವಾದದ್ದು ಎಂಸಿಎ. ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಮೊದಲ ಕವಲಿಗೆ ಹತ್ತಿರ.

ಎಂಸಿಎ ಹಿಂದೆ ಮೂರು ವರ್ಷದ್ದು, 2020-21ರಿಂದ ಎರಡು ವರ್ಷಕ್ಕೆ ಇಳಿಯಿತು. ಒಂದು ವರ್ಷ ಹೋದಾಗ ಹಲವು ಕಡೆ ಮೊದಲು ಬಿದ್ದದ್ದು ಲೆಕ್ಕಪತ್ರ, ಸಂಸ್ಥೆಯ ವರ್ತನೆ, ವ್ಯವಸ್ಥೆಯ ವಿಶ್ಲೇಷಣೆಯಂತಹ ಪತ್ರಿಕೆಗಳು. ಮೇಷ್ಟರಾಗಿ ನನಗೆ ಇದು ಇಂದಿಗೂ ನೋವಿನ ಸಂಗತಿ. ಹಾಗಾಗಿ ಕಾಲೇಜಿನ ಹೆಸರು ಕೇಳುವ ಮೊದಲು ನಾಲ್ಕು ಸೆಮಿಸ್ಟರ್‌ಗಳ ಪಠ್ಯಕ್ರಮ ತರಿಸಿಕೊಂಡು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ನಿಮ್ಮ ಸಂಘದ ಆ ತಪ್ಪನ್ನು ಸರಿಪಡಿಸಲು ನೆರವಾಗುವ ಪತ್ರಿಕೆಗಳ ಪಕ್ಕದಲ್ಲಿ ಗುರುತು ಹಾಕಿ. ಎರಡೋ ಮೂರೋ ಗುರುತು ಬಿದ್ದರೆ ಆ ಕಾಲೇಜನ್ನು ಬಿಟ್ಟುಬಿಡಿ.

ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ, 100 ಅಂಕಗಳದ್ದು. ಸುರತ್ಕಲ್ ಎನ್‌ಐಟಿ ಮನಸ್ಸಿನಲ್ಲಿದ್ದರೆ ಅಲ್ಲಿಯ ಎಂಸಿಎ ಪ್ರವೇಶ ಪರೀಕ್ಷೆ ನಿಮ್‌ಸೆಟ್ ಬರೆಯಬೇಕು. ಅಲ್ಲಿ 1000 ಅಂಕಗಳಲ್ಲಿ 600 ಗಣಿತಕ್ಕೆ ಮೀಸಲು.

ಟೆಕ್ಸಾಸಿನಿಂದ

ನಾನು ಹಾಸನ ಜಿಲ್ಲೆಯವನು, ಎಂಜಿನಿಯರಿಂಗ್ ಮುಗಿಸಿ ಇಲ್ಲಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಓದಿದೆ. ಪಾಠ ತುಂಬ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಒಂದು ಆಸ್ಪತ್ರೆಯ ಔಷಧ ಮಳಿಗೆಗೆ ನಮ್ಮನ್ನು ಕಳುಹಿಸಿದರು. ಮೂರು ವಾರ ಸುಮ್ಮನೆ ನಿಂತು ನೋಡಿ, ಕೆಲಸದ ಹರಿವನ್ನು ಬರೆದುಕೊಂಡು ಬನ್ನಿ ಎಂದರು. ಅಘನಾಶಿನಿ ಅವರಿಗೆ ಹೇಳಿ ಮಾಡಿಸಿದ ಓದು. ಆದರೂ ಸೋದರಮಾವನವರು ಹೇಳದ ಕೆಲವು ಸಂಗತಿಗಳಿವೆ.

ಒಂದನೆಯದು, ನಿಮ್ಮದು ಮೂರು ವರ್ಷದ ಪದವಿ, ಪಿಯುಸಿವರೆಗಿನ 12 ಸೇರಿ 15 ವರ್ಷ. ಇಲ್ಲಿಯ ಹಲವು ವಿಶ್ವವಿದ್ಯಾಲಯಗಳು ಒಟ್ಟು 16 ವರ್ಷಗಳ ಶಿಕ್ಷಣ ಕೇಳುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಿಂದ ಎ ಶ್ರೇಣಿ ಪಡೆದ ಸಂಸ್ಥೆಯ ಪ್ರಥಮ ದರ್ಜೆಯ ಪದವಿಯನ್ನು ಕೆಲವರು ಒಪ್ಪುತ್ತಾರೆ, ಎಲ್ಲರೂ ಅಲ್ಲ.

ಎರಡನೆಯದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಿದ್ಯಾರ್ಥಿ ವೀಸಾಕ್ಕಾಗಿ ವಿಶ್ವವಿದ್ಯಾಲಯ ಕಳುಹಿಸುವ ಐ-20 ಪತ್ರದ ಮೊದಲ ಪುಟದಲ್ಲೇ, ನಿಮ್ಮ ವಿಷಯದ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಸಿಐಪಿ ಸಂಕೇತ. ಅದು 11ರಿಂದ ಶುರುವಾದರೆ ಗಣಕ ವಿಷಯ, 52ರಿಂದ ಶುರುವಾದರೆ ವಾಣಿಜ್ಯ. ಓದಿದ ಮೇಲೆ ಎಲ್ಲರಿಗೂ 12 ತಿಂಗಳ ಕೆಲಸದ ಅನುಮತಿ ಸಿಗುತ್ತದೆ. ಸಂಕೇತ ವಿಜ್ಞಾನ-ತಂತ್ರಜ್ಞಾನದ ಸರ್ಕಾರಿ ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. 52ರ ಸಂಕೇತಗಳಲ್ಲಿ ಆ ಪಟ್ಟಿಯಲ್ಲಿರುವುವು ಕೆಲವೇ. ಒಂದೇ ಹೆಸರಿನ ಪದವಿ ಒಂದು ಕಡೆ 11, ಇನ್ನೊಂದು ಕಡೆ 52 ಆಗಿರುವುದುಂಟು. ನನ್ನ ಜೊತೆ ಅಡುಗೆ ಮನೆ ಹಂಚಿಕೊಂಡಿದ್ದ ಹುಡುಗ ಬೇರೊಂದು ಕಡೆ ಓದುತ್ತಿದ್ದ. ಕೊನೆಯ ಸೆಮಿಸ್ಟರಿನಲ್ಲಿ ಇಬ್ಬರೂ ಐ-20 ಎದುರುಬದುರು ಇಟ್ಟುಕೊಂಡು ನೋಡಿದೆವು. ಅವನದು 52, ಪಟ್ಟಿಯಲ್ಲಿಲ್ಲ. ಆ ರಾತ್ರಿ ಅವನು ಊಟ ಮಾಡಲಿಲ್ಲ.

ಮೂರನೆಯದು ಎಚ್-1ಬಿ, ಇಲ್ಲಿ ಕೆಲಸದಲ್ಲಿ ಮುಂದುವರಿಯಲು ಬೇಕಾದ ವೀಸಾ. ವರ್ಷಕ್ಕೆ 65,000, ಅದರ ಮೇಲೆ ಇಲ್ಲಿಯ ಸ್ನಾತಕೋತ್ತರ ಪದವೀಧರರಿಗೆ 20,000. ಆ 20,000ದ ಸಾಲಿಗೆ ನಿಲ್ಲಬೇಕಾದರೆ ಪದವಿಯು ಮಾನ್ಯತೆ ಪಡೆದ ಸರ್ಕಾರಿ ಅಥವಾ ಲಾಭೋದ್ದೇಶವಿಲ್ಲದ ಸಂಸ್ಥೆಯದೇ ಆಗಿರಬೇಕು. ಬೇಡಿಕೆ ಹೆಚ್ಚಿರುವುದರಿಂದ ಚೀಟಿ ಎತ್ತಿ ಆರಿಸುವ ಪದ್ಧತಿಯಲ್ಲೇ ವರ್ಷಗಟ್ಟಲೆ ನಡೆದಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಹೊರಬಿತ್ತು. ಯಾರಿಗೆ ಅನ್ವಯ, ಯಾರಿಗೆ ಇಲ್ಲ ಎಂದು ಓದಿ ಅರ್ಥ ಮಾಡಿಕೊಳ್ಳುವುದೇ ನಮಗೊಂದು ಕೆಲಸವಾಯಿತು. ನಿಯಮ ಹೀಗೆ ಬದಲಾಗುವ ಊರಿಗೆ ತೋಟ ಅಡವಿಟ್ಟು ಬರುವುದು ಬೇಡ ಎಂಬುದೇ ನನ್ನ ಮಾತು.

ಹಳೆಯ ವ್ಯವಸ್ಥಾಪಕ

ಬ್ಯಾಂಕಿನಲ್ಲಿ 30 ವರ್ಷ ಇದ್ದು ನಿವೃತ್ತನಾದವನು. ಶಿಕ್ಷಣ ಸಾಲದ ಕಡತಗಳನ್ನು ಸಾಕಷ್ಟು ನೋಡಿದ್ದೇನೆ. ಮಗಳೇ, ಭಾವನೆಯನ್ನು ಪಕ್ಕಕ್ಕಿಟ್ಟು ಅಂಕಿಯನ್ನು ನೋಡು.

ವಿದೇಶದ ಓದಿಗೆ 40 ಲಕ್ಷ ಸಾಲ, ಬಡ್ಡಿ ಶೇಕಡ 11 ಎಂದುಕೊಳ್ಳೋಣ. ನಾಲ್ಕು ಸೆಮಿಸ್ಟರಿಗೆ ಹತ್ತು ಹತ್ತು ಲಕ್ಷದಂತೆ ಬಿಡುಗಡೆಯಾಗುತ್ತದೆ. ಎರಡು ವರ್ಷದ ಓದು, ಮೇಲೆ ಒಂದು ವರ್ಷದ ವಿರಾಮ. ಆ ಮೂರು ವರ್ಷ ಏನನ್ನೂ ಕಟ್ಟದಿದ್ದರೆ ಸರಳ ಬಡ್ಡಿಯ ಲೆಕ್ಕದಲ್ಲೇ 9.9 ಲಕ್ಷ ಸೇರುತ್ತದೆ. ಅದನ್ನು ಬಿಟ್ಟು ಬರೀ 40 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೂ ತಿಂಗಳ ಕಂತು ಸುಮಾರು 55,100 ರೂಪಾಯಿ. ಡಾಲರ್ ಸಂಬಳವಿದ್ದರೆ ಕಟ್ಟಬಹುದು. ಊರಿಗೆ ಮರಳಬೇಕಾಗಿ ಬಂದರೆ?

ಇಲ್ಲೇ ಓದಲು ಮೂರು ಲಕ್ಷ ಸಾಲ ಮಾಡಿದೆ ಎನ್ನು. ಶೇಕಡ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳಿಗೆ ಸುಮಾರು 6,375. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ನಿಧಿ ಯೋಜನೆ ಇದೆ, ತೋಟದ ಪತ್ರ ಕೊಡುವ ಅಗತ್ಯವಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕು. ಶಾಖೆಯವರು ಪತ್ರ ತಾ ಎಂದರೆ, ಯಾವ ನಿಯಮದಡಿ ಕೇಳುತ್ತಿದ್ದೀರಿ ಎಂದು ಬರಹದಲ್ಲಿ ಕೇಳು. ಅಡವಿಟ್ಟ ತೋಟಕ್ಕೆ ಕೊಳೆರೋಗ ಬಂದ ವರ್ಷ ಕಂತು ನಿಲ್ಲುವುದಿಲ್ಲ. ಅಪ್ಪನಿಗೆ ಇದನ್ನು ಓದಿ ಹೇಳು.

ಬೆಳವಲದ ಹುಡುಗಿ

ಮೇಷ್ಟರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಗೌರವದಿಂದಲೇ ಹೇಳುತ್ತೇನೆ. ನಾನು ಗದಗಿನವಳು. ಎಂಕಾಂ ಓದಿ, ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಬೆಂಗಳೂರಿನಲ್ಲಿ, ಸಂಸ್ಥೆಯ ಲೆಕ್ಕ, ದಾಸ್ತಾನು, ಮಾರಾಟ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶ ಅಳವಡಿಸುವ ಕೆಲಸ. ಈ ದಾರಿಗೆ ನನ್ನನ್ನು ತಂದದ್ದು 2017ರ ಜೂನ್ 30ರ ರಾತ್ರಿ. ಬೆಳಗಾದರೆ ಜಿಎಸ್‌ಟಿ. ತಂತ್ರಾಂಶದ ಹುಡುಗರಿಗೆ ಕೋಡ್ ಗೊತ್ತು, ಹಳೆಯ ದಾಸ್ತಾನಿನ ಮೇಲೆ ಮೊದಲೇ ಕಟ್ಟಿದ ತೆರಿಗೆಯನ್ನು ಎಲ್ಲಿ ತೋರಿಸಬೇಕು ಎಂಬುದು ಗೊತ್ತಿಲ್ಲ. ಬೆಳಗಿನ ಜಾವ ನಾಲ್ಕರವರೆಗೆ ನಾನು ಅವರ ಪಕ್ಕದಲ್ಲಿ ಕುಳಿತು ಒಂದೊಂದೇ ಸರಕಿನ ಲೆಕ್ಕ ಹೇಳಿದೆ. ಎರಡು ತಿಂಗಳ ನಂತರ ಅದೇ ಕಂಪನಿ ನನ್ನನ್ನು ಕೆಲಸಕ್ಕೆ ಕರೆಯಿತು.

ಅಘನಾಶಿನಿಯವರ ಕೈಯಲ್ಲಿ ಈಗಲೇ ಒಂದು ಜೀವಂತ ವ್ಯವಸ್ಥೆ ಇದೆ. ಅದನ್ನು ಬಿಟ್ಟು ಎರಡು ವರ್ಷ ತರಗತಿಯಲ್ಲಿ ಕುಳಿತರೆ ಅದು ಕೈತಪ್ಪುತ್ತದೆ. ಆನ್‌ಲೈನ್ ಎಂಸಿಎ ಸೇರಿ. ರಾತ್ರಿ ಓದಿದ್ದನ್ನು ಬೆಳಗ್ಗೆ ಸಂಘದಲ್ಲಿ ಪರೀಕ್ಷಿಸಿ ನೋಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಿಂದ ನಡೆಯುತ್ತಿದೆ, ಅಲ್ಲಿಯ ಎಂಸಿಎಗೆ ದೊಡ್ಡ ಶುಲ್ಕವಿಲ್ಲ.

ಕೊಡಚಾದ್ರಿ

ಹಳೆಯ ಕಾಲೇಜಿನಲ್ಲೇ ನಾಲ್ಕನೇ ವರ್ಷದ ಆನರ್ಸ್ ಮಾಡಿದರೆ 16 ವರ್ಷದ ಲೆಕ್ಕ ಸರಿಹೋಗುವುದಿಲ್ಲವೇ?

ಟೆಕ್ಸಾಸಿನಿಂದ

ಲೆಕ್ಕ ಸರಿಹೋಗುತ್ತದೆ. ಆದರೆ 2024-25ರಿಂದ ನಮ್ಮ ರಾಜ್ಯ ಮೂರು ವರ್ಷದ ಪದವಿಗೇ ಮರಳಿದೆ. ಹಳೆಯ ತಂಡದವರಿಗೆ ಆ ವರ್ಷ ಎಲ್ಲಿ, ಎಷ್ಟು ದಿನ ಸಿಗುತ್ತದೆ ಎಂದು ಅವರ ವಿಶ್ವವಿದ್ಯಾಲಯವನ್ನೇ ಕೇಳಬೇಕು. ಎರಡು ವರ್ಷದ ಎಂಸಿಎ ಮಾಡಿದರೆ ಹೇಗೂ 17 ವರ್ಷ ಆಗುತ್ತದೆ. ಆಮೇಲೂ ಹೊರಗೆ ಓದುವ ಆಸೆ ಉಳಿದಿದ್ದರೆ ಬಾಗಿಲು ತೆರೆದೇ ಇರುತ್ತದೆ.

ಅಘನಾಶಿನಿ

ಎಲ್ಲರ ಮಾತನ್ನೂ ಅಪ್ಪ, ಅಮ್ಮನಿಗೆ ಓದಿ ಹೇಳಿದೆ. ಕೊಳೆರೋಗದ ಮಾತಿಗೆ ಅಪ್ಪ ಏನೂ ಹೇಳಲಿಲ್ಲ, ಎದ್ದು ತೋಟದ ಕಡೆ ಹೋದರು. ತೋಟದ ಸಾಲದ ಮಾತು ಅಲ್ಲಿಗೆ ಮುಗಿದಿದೆ ಎಂದುಕೊಂಡಿದ್ದೇನೆ.

ಉಳಿದದ್ದು ಎರಡು ಸಂದೇಹ. ಪಿಯುಸಿಯಲ್ಲಿ ನಾನು ವಾಣಿಜ್ಯ ವಿಭಾಗ, ಗಣಿತ ಇರಲಿಲ್ಲ. ಬಿಸಿಎಯಲ್ಲಿ ಡಿಸ್ಕ್ರೀಟ್ ಗಣಿತದ ಒಂದು ಪತ್ರಿಕೆ ಓದಿದ್ದೇನೆ. ಇಷ್ಟು ಸಾಕೇ? ಆನ್‌ಲೈನ್ ಪದವಿಗೆ ಬೆಲೆ ಇದೆಯೇ?

ಗಣಕ ಮೇಷ್ಟರು

ಪಿಜಿಸಿಇಟಿಗೆ ಪಿಯುಸಿ ಅಥವಾ ಪದವಿ ಹಂತದಲ್ಲಿ ಗಣಿತ ಇರಬೇಕು ಎಂಬುದು ಬಹುಕಾಲದಿಂದ ಬಂದ ನಿಯಮ. ಪದವಿಯಲ್ಲಿ ಶೇಕಡ 50, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ ಶೇಕಡ 45. ನಿಮ್ಮ ಬಿಸಿಎ ಅಂಕಪಟ್ಟಿಯಲ್ಲಿ ಆ ಪತ್ರಿಕೆಯ ಹೆಸರಿನಲ್ಲೇ ಗಣಿತ ಎಂಬ ಪದ ಇದೆಯೇ ನೋಡಿ. ಇಲ್ಲದಿದ್ದರೆ ಕಾಲೇಜಿನಿಂದ ಒಂದು ಪ್ರಮಾಣಪತ್ರ ಬರೆಸಿಟ್ಟುಕೊಳ್ಳಿ. ದಾಖಲೆ ಪರಿಶೀಲನೆಯ ದಿನ ಬಾಗಿಲಲ್ಲಿ ನಿಂತು ಅಳುವ ಮಕ್ಕಳನ್ನು ಕಂಡಿದ್ದೇನೆ. ನೀವು ಬರೆಯುವ ವರ್ಷದ ಮಾಹಿತಿ ಪುಸ್ತಿಕೆಯನ್ನು ಮುದ್ರಿಸಿಕೊಂಡು ಓದಿ, ಅದರ ಮಾತೇ ಕೊನೆಯದು.

ಆನ್‌ಲೈನ್ ಬಗ್ಗೆ: 2020ರ ಯುಜಿಸಿ ನಿಯಮಗಳ ಪ್ರಕಾರ ಅನುಮತಿ ಪಡೆದ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಯ ಪದವಿಗೆ ಸಮಾನ. ಆ ಕೋರ್ಸಿಗೆ ಆ ವರ್ಷ ಅನುಮತಿ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲೇ ನೋಡಬೇಕು, ಜಾಹೀರಾತಿನಲ್ಲಿ ಅಲ್ಲ. ಬೆಲೆ ಇಲ್ಲ ಎಂದು ನಾನು ಹೇಳುವುದಿಲ್ಲ. ಗದಗಿನ ತಂಗಿ ತಮ್ಮ ಅನುಭವದಿಂದ ಹೇಳಿದ್ದು ಸರಿಯೇ ಇದೆ. ಆದರೆ ಸುಗ್ಗಿಯಲ್ಲಿ ರಾತ್ರಿ ಎಂಟಕ್ಕೆ ಮನೆಗೆ ಬಂದು ಪಾಠದ ವಿಡಿಯೊ ನೋಡುವವರಲ್ಲಿ ಎಷ್ಟು ಜನ ಕೊನೆಯವರೆಗೆ ಉಳಿಯುತ್ತಾರೆ? ನಿಮ್ಮ ಚಿತ್ರದಲ್ಲಿ ತಪ್ಪು ಎಲ್ಲಿದೆ ಎಂದು ಎದುರಿಗೆ ಕುಳಿತು ತೋರಿಸುವವರು ಒಬ್ಬರಾದರೂ ಬೇಕು. ನನಗೆ ತರಗತಿಯ ಮೇಲಿನ ನಂಬಿಕೆ ಹೋಗಿಲ್ಲ.

ಬೆಳವಲದ ಹುಡುಗಿ

ಎದುರಿಗೆ ಕುಳಿತು ತೋರಿಸುವ ಮೇಷ್ಟರು ಸಿಗುವ ಕಾಲೇಜು ಆದರೆ ನಾನೂ ಒಪ್ಪುತ್ತೇನೆ. ಅಂತಹದು ಯಾವುದೆಂದು ಹೊರಗಿನವರು ತಿಳಿಯುವುದು ಹೇಗೆ, ಹೇಳಿ.

ನಾಲ್ಕನೇ ಸೆಮಿಸ್ಟರ್

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಈಗ ಎಂಸಿಎ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಸೇರುವ ಮೊದಲು ಮೂರು ಕಾಲೇಜುಗಳಿಗೆ ಹೋಗಿದ್ದೆ. ಎಲ್ಲ ಕಡೆ ಸ್ವಾಗತ ಕೊಠಡಿಯಲ್ಲಿ ಕೆಲಸ ಸಿಕ್ಕವರ ಫೋಟೊಗಳ ದೊಡ್ಡ ಫಲಕ ತೋರಿಸಿದರು. ಅದರಿಂದ ಏನೂ ತಿಳಿಯಲಿಲ್ಲ. ಒಂದು ಕಡೆ ಗ್ರಂಥಪಾಲಕರು ಒಳ್ಳೆಯವರು, ಹಿಂದಿನ ವರ್ಷಗಳ ಪ್ರಾಜೆಕ್ಟ್ ವರದಿಗಳ ಕಪಾಟು ತೆರೆದುಕೊಟ್ಟರು. ಕಪ್ಪು ರಟ್ಟು, ಚಿನ್ನದ ಬಣ್ಣದ ಅಕ್ಷರ. ಹನ್ನೊಂದು ವರದಿ ತೆಗೆದು ನೋಡಿದೆ. ಗ್ರಂಥಾಲಯ ನಿರ್ವಹಣೆ ಎಂಬ ಶೀರ್ಷಿಕೆಯವೇ ನಾಲ್ಕು, ಎರಡರಲ್ಲಿ ಚಿತ್ರಗಳೂ ಒಂದೇ. ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್‌ಗಳು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಎದ್ದು ಬಂದೆ.

ಈಗ ಓದುತ್ತಿರುವ ಕಡೆಯ ಕಪಾಟಿನಲ್ಲಿ ಒಬ್ಬ ವಿದ್ಯಾರ್ಥಿನಿಯ ವರದಿ ಸಿಕ್ಕಿತು, ತಮ್ಮ ಊರಿನ ಹಾಲಿನ ಸಂಘದ ಬಗ್ಗೆ. ಕೊಬ್ಬಿನ ಅಂಶ ಅಳೆಯುವ ಯಂತ್ರದ ಅಂಕಿಯನ್ನು ಕೈಯಿಂದ ಬರೆಯುವಾಗ ಎಲ್ಲೆಲ್ಲಿ ತಪ್ಪಾಗುತ್ತದೆ ಎಂದು ಎಣಿಸಿದ್ದರು. ಅಂಚಿನಲ್ಲಿ ಮಾರ್ಗದರ್ಶಕರ ಕೆಂಪು ಶಾಯಿಯ ಟಿಪ್ಪಣಿಗಳು, ಒಂದು ಪುಟದಲ್ಲಿ ‘ಇದನ್ನು ಹೇಗೆ ತಿಳಿದೆ?’ ಎಂದು. ಆ ಕೆಂಪು ಶಾಯಿ ನೋಡಿಯೇ ನಾನು ಪಿಜಿಸಿಇಟಿ ಆಯ್ಕೆಪಟ್ಟಿಯಲ್ಲಿ ಈ ಕಾಲೇಜನ್ನು ಮೊದಲು ಹಾಕಿದ್ದು. ಅಕ್ಕ, ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಕಂಡು ಮಾತನಾಡಿಸಿ, ಪ್ರಯೋಗಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿ. ಶುಲ್ಕ ಮರುಪಾವತಿಗೆ ಅರ್ಹತೆ ಇದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲ ವಾರವೇ ಅರ್ಜಿ ಹಾಕಿ.

ಅಘನಾಶಿನಿ

ಮೂರು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಎರಡು ಶನಿವಾರ ರಜೆ ಹಾಕಿ ಎರಡು ಕಡೆ ಹೋಗಿ ಕಪಾಟು ನೋಡಿ ಬಂದೆ. ಒಂದು ಕಡೆ ಕೀಲಿ ಸಿಗಲಿಲ್ಲ ಎಂದರು. ಇನ್ನೊಂದು ಕಡೆ ಅಧ್ಯಾಪಕಿಯೊಬ್ಬರು ನನ್ನ ನೋಟ್‌ಬುಕ್ಕನ್ನು ಇಸಿದುಕೊಂಡು ಅರ್ಧ ಗಂಟೆ ನೋಡಿದರು, ಚಹಾ ಆರಿಹೋಯಿತು. ಅವರ ಪಠ್ಯಕ್ರಮದಲ್ಲಿ ಮೇಷ್ಟರು ಹೇಳಿದಂತೆ ಪೆನ್ಸಿಲ್ ಹಿಡಿದು ಏಳು ಗುರುತು ಹಾಕಿದೆ.

ಪಿಜಿಸಿಇಟಿ ಬರೆಯುತ್ತೇನೆ. ಆ ಕಾಲೇಜಿನಲ್ಲಿ ಸೀಟು ಸಿಕ್ಕರೆ ಹೋಗುತ್ತೇನೆ. ಸಿಗದಿದ್ದರೆ ಗದಗಿನ ಅಕ್ಕ ಹೇಳಿದಂತೆ ಕೆಲಸದಲ್ಲಿದ್ದುಕೊಂಡೇ ಮುಕ್ತ ವಿಶ್ವವಿದ್ಯಾಲಯ. ಸೋದರಮಾವನಿಗೆ ಫೋನ್ ಮಾಡಿ ಹೇಳಿದ್ದೇನೆ, ಸ್ವಲ್ಪ ಬೇಸರವಾಗಿದೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ನಮ್ಮ ಸಂಘದ ಮೇಲೆಯೇ ಮಾಡಲು ಕಾರ್ಯದರ್ಶಿಯವರು ಈಗಲೇ ಒಪ್ಪಿದ್ದಾರೆ. ಗೇಟಿನ ಚೀಟಿಯ ಮೇಲೆ ಸದಸ್ಯತ್ವ ಸಂಖ್ಯೆ ಬರೆಯುವುದು ಮುಂದಿನ ವ್ಯಾಪಾರದ ದಿನದಿಂದ ಶುರುವಾಗುತ್ತದೆ. ಮೇಷ್ಟರೇ, ಚಿತ್ರದ ಹೊಸ ಪ್ರತಿಯನ್ನು ನಿಮಗೆ ಕಳುಹಿಸಿದ್ದೇನೆ.

ಗಣಕ ಮೇಷ್ಟರು

ನೋಡಿದೆ, ಅಚ್ಚುಕಟ್ಟಾಗಿದೆ. ಒಂದು ಪ್ರಶ್ನೆ. ಮಾರಾಟದ ಹಣದಿಂದ ಸಾಲದ ಪುಸ್ತಕಕ್ಕೆ ನೇರವಾಗಿ ಬಾಣ ಎಳೆದಿದ್ದೀರಿ. ಎಷ್ಟು ಮುರಿದುಕೊಳ್ಳಬೇಕು ಎಂದು ನಿರ್ಧರಿಸುವವರು ಯಾರು? ರೈತನ ಒಪ್ಪಿಗೆಯನ್ನು ಯಾರಾದರೂ, ಎಲ್ಲಾದರೂ ಬರೆದುಕೊಳ್ಳುತ್ತಾರೆಯೇ?

ಅಘನಾಶಿನಿ

ಅದನ್ನು ನಾನು ಕೇಳಿಯೇ ಇಲ್ಲ ಸರ್. ಸಾಲ ವಿಭಾಗದವರು ಬೆಳಗ್ಗೆ ಹತ್ತಕ್ಕೆ ಬರುತ್ತಾರೆ. ನಾಳೆ ಒಂಬತ್ತೂವರೆಗೇ ಹೋಗಿ ಕಾಯುತ್ತೇನೆ.